ಹತ್ತರ ಕಟ್ಟು

ಹೊರದೇಶಕ್ಕೆ ಬಂದು ಹನ್ನೆರಡು ವರ್ಷವಾಗಿದ್ದ ಭಾವನಿಗೆ ನೆಂಟರಿಷ್ಟರು ಇಟ್ಟ ಹೆಸರು ದುಭಾಷಿ. ಬಾಡಿಗೆ ಕರಾರಿರಲಿ, ಶಾಲೆಯ ಅರ್ಜಿಯಿರಲಿ, ಅಲ್ಲಿಯ ಭಾಷೆ ಬಾರದವರೆಲ್ಲ ಅವನ ಹಿಂದೆ ಕೈಕಟ್ಟಿ ನಿಲ್ಲಬೇಕು, ಅವನು ಮುಂದೆ ನಿಂತು ಮಾತಾಡಬೇಕು. ಆಡಿದ್ದೇನೆಂದು ಯಾರೂ ಕೇಳಿದವರಿಲ್ಲ. ಗರ್ಭಗುಡಿಯ ಮುಂದೆ ನಿಂತವರು ಪೂಜಾರಿಯನ್ನು ಮಂತ್ರದ ಅರ್ಥ ಕೇಳುತ್ತಾರೆಯೇ?

ಅವನ ತಮ್ಮನ ಹೆಂಡತಿ ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಇಸ್ತ್ರಿ ಕೆಲಸದವಳು. ಮೇಲಿನ ಆರು ಅಂತಸ್ತಿನ ರೋಗಿಗಳು ಮಲಗುವ ಬೆಡ್‌ಶೀಟುಗಳೆಲ್ಲ ಅವಳ ಕೈಯಲ್ಲೇ ಮಡಿಕೆಯಾಗಿ ಹೋಗುತ್ತಿದ್ದವು. ಒಂದೂವರೆ ವರ್ಷದಲ್ಲಿ ಅವಳು ಮಾತ್ರ ಒಮ್ಮೆಯೂ ಮೇಲೆ ಹೋದವಳಲ್ಲ. ಆ ಮಂಗಳವಾರ ಹೊಟ್ಟೆಯ ಬಲಗಡೆ, ಕೆಳಗೆ, ಯಾರೋ ಕಾದ ಇಸ್ತ್ರಿಪೆಟ್ಟಿಗೆ ಇಟ್ಟು ತೆಗೆಯಲು ಮರೆತಂತಾಯಿತು. ಸಂಜೆಗೆ ವಾಂತಿ. ಬುಧವಾರ ಬೆಳಿಗ್ಗೆ ನೆಟ್ಟಗೆ ನಿಲ್ಲಲಾಗಲಿಲ್ಲ. ರಾತ್ರಿಯಿಡೀ ದೇವರ ಹೆಸರು ಹೇಳಿಕೊಂಡದ್ದಾಗಿತ್ತು. ದೇವರಿಗಾದರೆ ದುಭಾಷಿ ಬೇಡ, ಆಸ್ಪತ್ರೆಗೆ ಬೇಕು. ಕ್ಯಾಂಟೀನಿನಲ್ಲಿ ಅಡುಗೆಯವನಾಗಿದ್ದ ಗಂಡನಿಗೂ ಭಾಷೆ ಅಷ್ಟಕ್ಕಷ್ಟೆ. "ಅಣ್ಣನ ಜೊತೆ ಹೋಗು, ಎಲ್ಲ ಅವನೇ ಹೇಳ್ತಾನೆ" ಎಂದು ಪಾಳಿಗೆ ಓಡಿದ.

ಅಣ್ಣ ಗರಿಗರಿ ಅಂಗಿ ತೊಟ್ಟು, ಸೆಂಟು ಪೂಸಿಕೊಂಡು, ಬೀಗರ ಮನೆಗೆ ಹೊರಟವನಂತೆ ಬಂದ. ಅವಳು ದುಡಿಯುವ ಅದೇ ಆಸ್ಪತ್ರೆಯಲ್ಲಿ, ನೆಲಕ್ಕೆ ಬಿಗಿದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಎರಡು ಗಂಟೆ ಕಾದ ಮೇಲೆ ಒಳಗೆ ಕರೆದರು. ಸಣ್ಣ ಕೋಣೆ, ಗೋಡೆಗೆ ಒತ್ತಿದ ಮಂಚ, ಮೇಜಿನ ಹಿಂದೆ ನರ್ಸ್.

"ನೋವು ಎಷ್ಟಿದೆ ಅಂತ ಕೇಳ್ತಿದಾರೆ. ಸೊನ್ನೆಯಿಂದ ಹತ್ತರೊಳಗೆ ಹೇಳ್ಬೇಕು" ಎಂದ ಭಾವ.

"ಕಾಲು ಎತ್ತಿಟ್ಟರೆ ಜೀವ ಹೋಗ್ತದೆ ಭಾವ. ನಿನ್ನೆಯಿಂದ ಕುಡಿದ ನೀರೂ ನಿಲ್ತಿಲ್ಲ. ಹತ್ತು ಅಂತ ಹೇಳಿ."

ಚಿಕ್ಕಂದಿನಲ್ಲಿ ತಾತ ರಾಗವಾಗಿ ಕಾವ್ಯ ಓದುವುದನ್ನು ಕೇಳಿ ಬೆಳೆದವಳು ಅವಳು. ತಾತ ಒಂದು ಪದ್ಯ ಓದಿದರೆ ಅರ್ಥ ಹೇಳುವವರು ಅರ್ಧ ಗಂಟೆ ಹಿಗ್ಗಿಸುತ್ತಿದ್ದರು. ಇಲ್ಲಿ ತಿರುಗುಮುರುಗು. ಅವಳ ಎರಡು ದಿನದ ಸಂಕಟ ಭಾವನ ಬಾಯಲ್ಲಿ ಒಂದೇ ಪದವಾಗಿ ಹೊರಬಿತ್ತು.

ಆ ಪದ ಅವಳಿಗೆ ಗೊತ್ತಿತ್ತು. ನೆಲಮಾಳಿಗೆಯಲ್ಲಿ ಹತ್ತು ಬೆಡ್‌ಶೀಟಿಗೆ ಒಂದು ಕಟ್ಟು. ಗಟ್ಟಿಯಾಗಿ ಎಣಿಸಿ, ಹತ್ತನೆಯದಕ್ಕೆ ದಾರ ಬಿಗಿಯಬೇಕು. ಆ ದೇಶದ ಭಾಷೆಯಲ್ಲಿ ಅವಳು ಕಲಿತದ್ದು ಆ ಹತ್ತು ಪದಗಳನ್ನು ಮಾತ್ರ. ಭಾವ ಹೇಳಿದ್ದು 'ಎರಡು' ಎಂದು.

ನರ್ಸ್ ಗುಳಿಗೆಯ ಚೀಟಿ ಬರೆದು ಕೈಗಿತ್ತು ಬಾಗಿಲು ತೋರಿಸಿದಳು.

ಹೊರಗೆ ಗೋಡೆ ಹಿಡಿದು ನಿಂತು ಅವಳೆಂದಳು: "ಭಾವ, ಎರಡು ಅಂದ್ರಲ್ಲ."

ದುಭಾಷಿ ಕಣ್ಣು ಪಿಳಿಪಿಳಿ ಬಿಟ್ಟ. "ನಿಂಗೆ ಹೇಗೆ ಗೊತ್ತಾಯ್ತು?"

"ದಿನಾ ಎಣಿಸ್ತೀನಿ."

"ನೋಡಮ್ಮ, ಇಲ್ಲಿ ಹತ್ತು ಅಂದ್ರೆ ನಮ್ಮೋರೆಲ್ಲ ಅಳುಬುರುಕರು ಅಂದ್ಕೋತಾರೆ. ಮನೆತನಕ್ಕೊಂದು ಮರ್ಯಾದೆ ಬೇಡ್ವಾ? ನಾನು ಯಾರ ಪರವಾಗಿ ಮಾತಾಡಿದ್ರೂ ಎರಡು ದಾಟಲ್ಲ."

"ಹೋದ ವರ್ಷ ನಮ್ಮ ಗಾರೆ ಕೆಲಸದ ನೆಂಟರಿಗೆ ಕಾಲು ಮುರಿದಿತ್ತಲ್ಲ, ಅವರಿಗೆ?"

"ಅವನಿಗೆ ಮೂರು ಕೊಟ್ಟೆ. ಮೂಳೆ ಕಾಣಿಸ್ತಿತ್ತು." ದಾನ ಕೊಟ್ಟವನ ಗತ್ತಿನಲ್ಲಿ ಅಂದ. "ನಮ್ಮಮ್ಮ ನನ್ನ ಹೆತ್ತಾಗ ತುಟಿ ಪಿಟಕ್ ಅನ್ನಲಿಲ್ಲ, ಗೊತ್ತಾ?"

"ಅತ್ತೆ ನನಗೆ ಹೇಳಿದ್ದು ಬೇರೆ. ಮೂರು ಬೀದಿಗೆ ಕೇಳೋ ಹಾಗೆ ಕೂಗಿದ್ರಂತೆ. ಆಮೇಲೆ ನೀವು ಬಾಯಿ ತೆಗೆದ್ರಿ, ಇನ್ನೂ ಮುಚ್ಚಿಲ್ಲ ಅಂದ್ರು."

ಮದುವೆಯಾಗಿ ಎಂಟು ವರ್ಷದಲ್ಲಿ ಭಾವನಿಗೆ ಅವಳು ಎದುರು ಮಾತಾಡಿದ್ದು ಇದೇ ಮೊದಲು. ಅವಳು ಗೋಡೆ ಸವರಿಕೊಂಡು ಮತ್ತೆ ಒಳಗೆ ಹೋದಳು. ನರ್ಸ್ ಹುಬ್ಬು ಗಂಟಿಕ್ಕಿದಳು. ಹಿಂದೆಯೇ ನುಗ್ಗಿದ ದುಭಾಷಿ ಹಲ್ಲುಕಿರಿದು ಏನೋ ಹೇಳಿದ. ಇವಳಿಗೆ ಅಷ್ಟೊಂದು ತಿಳಿಯೋದಿಲ್ಲ ಎಂದಿರಬೇಕು, ಆ ನಗುವಿಗೆ ಬೇರೆ ಅರ್ಥ ಇರಲಾರದು.

ಅವಳು ಮೇಜಿನ ಅಂಚು ಹಿಡಿದು ಎಣಿಸತೊಡಗಿದಳು. ನೆಲಮಾಳಿಗೆಯ ಅದೇ ಧಾಟಿ, ಅದೇ ಗಟ್ಟಿ ದನಿ. ಎರಡಕ್ಕೆ ಬಂದಾಗ ನಿಲ್ಲಿಸಿ, ಭಾವನ ಕಡೆ ಬೆರಳು ತೋರಿಸಿ, ಬೇಡವೆಂದು ಕೈಯಾಡಿಸಿದಳು. ಮುಂದುವರಿಸಿದಳು. ಹತ್ತಕ್ಕೆ ಬಂದು, ಇಲ್ಲದ ದಾರವನ್ನು ಬಿಗಿದು, ಕೈಯನ್ನು ಹೊಟ್ಟೆಯ ಬಲಗಡೆ ಇಟ್ಟುಕೊಂಡಳು.

ನರ್ಸ್ ಎದ್ದಳು. ಭಾವನನ್ನು ಹೊರಗೆ ಕಳಿಸಿ, ಅವಳನ್ನು ಮಂಚದ ಮೇಲೆ ಮಲಗಿಸಿ, ಅದೇ ಜಾಗದಲ್ಲಿ ಮೆಲ್ಲಗೆ ಒತ್ತಿ ಕೈ ಬಿಟ್ಟಳು. ಆ ಕೂಗು ಮೂರು ಬೀದಿಗಲ್ಲದಿದ್ದರೂ ಮೂರು ಅಂತಸ್ತಿಗೆ ಕೇಳಿಸಿರಬೇಕು. ಮಧ್ಯಾಹ್ನದೊಳಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಅದು ಒಡೆಯುವುದರಲ್ಲಿತ್ತಂತೆ. ಎಚ್ಚರವಾದಾಗ ಅವಳು ಮಲಗಿದ್ದ ಬೆಡ್‌ಶೀಟಿನ ಮಡಿಕೆಯ ಗೆರೆ ಅವಳದೇ ಕೈಯದು.

ಮೂರನೆಯ ದಿನ ನೆಂಟರೆಲ್ಲ ವಾರ್ಡಿಗೆ ಬಂದರು. ಗಂಡ ತಲೆದೆಸೆಯಲ್ಲಿ, ಗಾರೆ ಕೆಲಸದವನು ಕುಂಟುಗಾಲು ಚಾಚಿ ಕುರ್ಚಿಯಲ್ಲಿ. ದುಭಾಷಿ ಕಾಲ್ದೆಸೆಯಲ್ಲಿ ನಿಂತು ಪುರಾಣ ಬಿಚ್ಚಿದ್ದ: "ನಾನು ಜೊತೇಲಿ ಇದ್ದೆ, ಸರಿಹೋಯ್ತು. ಇಲ್ದಿದ್ರೆ ಇವಳ ಗತಿ?"

ಅಷ್ಟರಲ್ಲಿ ನರ್ಸ್ ಬಂದು ನೋವಿನ ಅದೇ ಪ್ರಶ್ನೆ ಕೇಳಿದಳು. ದುಭಾಷಿ ಗಂಟಲು ಸರಿಮಾಡಿಕೊಂಡ. ಅವಳು ಅವನ ಕಡೆ ನೋಡದೆ, ಅಲ್ಲಿಯ ಭಾಷೆಯಲ್ಲೇ, ನಾಲ್ಕು ಎಂದಳು. ನರ್ಸ್ ಬರೆದುಕೊಂಡು ಹೋದಳು.

ದುಭಾಷಿಗೆ ತಡೆಯಲಾಗಲಿಲ್ಲ. "ನಾಲ್ಕಾ? ಮೂಳೆ ಮುರಿದೋನಿಗೇ ಮೂರು ಹೇಳಿದ್ದೆ ನಾನು."

ಗಾರೆ ಕೆಲಸದವನು ಮೆಲ್ಲನೆ ಕತ್ತು ಹೊರಳಿಸಿದ. ಆವತ್ತು ಆ ಕಾಲಿಟ್ಟುಕೊಂಡು ಸಂಜೆಯವರೆಗೆ ಕುರ್ಚಿಯಲ್ಲಿ ಕಾದದ್ದು, ಮೂಳೆ ಸೊಟ್ಟಗೆ ಕೂಡಿದ್ದು, ಇದೇ ದುಭಾಷಿ 'ಇಲ್ಲಿನ ಡಾಕ್ಟರೇ ಹೀಗೆ' ಎಂದು ಸಮಾಧಾನ ಹೇಳಿದ್ದು, ಎಲ್ಲ ಒಂದೊಂದಾಗಿ ಅವನ ಮುಖದ ಮೇಲೆ ಹಾದುಹೋದವು.

"ಮೂರಾ?" ಎಂದು ಕೇಳಿ, ಊರುಗೋಲು ಹಿಡಿದು ಎದ್ದು ನಿಂತ.

ಹನ್ನೆರಡು ವರ್ಷದ ಅನುಭವಸ್ಥ ಬಾಗಿಲ ಕಡೆಗೆ ಹಿಂದೆ ಸರಿದ, ಎರಡಲ್ಲ, ಮೂರು ಹೆಜ್ಜೆ.