ಅಜ್ಜಿಯ ವಾಸ್ಕಾಲು, ವಿಭಾಳ ದಿಮ್ಮಿಗಳು

ಕೆ.ಆರ್. ಪುರದ ಖಾಲಿ ಸೈಟಿನ ಅಂಚಿಗೆ ಸುಬ್ಬಲಕ್ಷ್ಮಮ್ಮ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ್ದ ಸಿಲ್ವರ್ ಓಕ್ ಮರಗಳು ಕರೆಂಟಿನ ತಂತಿಗೆ ವಾಲಿದ್ದರಿಂದ ಉರುಳಲೇಬೇಕಾಯಿತು. ಸೌದೆ ಡಿಪೋದವನು ಬಂದು ನೋಡಿಯೂ ಹೋದ. ಮೊಮ್ಮಗಳು ವಿಭಾ ಅಡ್ಡ ನಿಂತಳು.

"ಇದ್ರಲ್ಲೇ ಒಂದು ರೂಮ್ ಕಟ್ತೀನಿ ಅಜ್ಜಿ. ಇಡೀ ದಿಮ್ಮಿಗಳದ್ದೇ ಗೋಡೆ. ನೀನು ಅದ್ರೊಳಗೆ ಕೂತು ಕಾಫಿ ಕುಡೀಬೇಕು."

"ಕುಡಿಯೋಣ. ಆದ್ರೆ ಮೊದ್ಲು ವಾಸ್ಕಾಲು ನಿಲ್ಲಿಸಿ ಪೂಜೆ ಆಗ್ಬೇಕು. ಆಮೇಲೆ ಗೋಡೆ. ಬಾಗಿಲಿಲ್ಲದೆ ಎದ್ದ ಮನೆಗೆ ನಾನು ಕಾಲಿಡಲ್ಲ."

ವಿಭಾ ಒಪ್ಪಿದಳು. ಸೋಫಾದ ಮೇಲೆ ಕಾಲು ಚಾಚಿ ಅವಳು ನೋಡಿದ್ದ ದಿಮ್ಮಿ ಮನೆಗಳ ವಿಡಿಯೋಗಳಲ್ಲೆಲ್ಲ ಗೋಡೆ ಮೊದಲು ಏಳುತ್ತಿತ್ತು, ಬಾಗಿಲನ್ನು ಆಮೇಲೆ ಕೊರೆಯುತ್ತಿದ್ದರು. ಯಾಕೆಂದು ವಿವರಿಸುವ ಭಾಗ ಬಂದರೆ ಬೆರಳಲ್ಲಿ ಮುಂದಕ್ಕೆ ಓಡಿಸಿಬಿಡುತ್ತಿದ್ದಳು.

ಶಿವಾಜಿನಗರದಿಂದ ಬಡಗಿ ಅಕ್ತರ್ ಬಂದರು. ಅದೇ ಮರದಲ್ಲಿ ಬಾಗಿಲ ಚೌಕಟ್ಟು ಮಾಡಿ ನಿಲ್ಲಿಸಿದರು. ಅಜ್ಜಿ ಅರಿಸಿನ ಕುಂಕುಮ ಹಚ್ಚಿ, ಮಾವಿನೆಲೆ ಕಟ್ಟಿ, ನೆತ್ತಿಗೆ ನವಧಾನ್ಯದ ಗಂಟು ಬಿಗಿದರು. ಆಮೇಲೆ ಹಸಿ ದಿಮ್ಮಿಗಳು ಒಂದರ ಮೇಲೊಂದು ಮಲಗಿದವು. ಮೂಲೆಗಳಲ್ಲಿ ಕಚ್ಚು ಕೊರೆದು ಒಂದಕ್ಕೊಂದು ಕೂರಿಸಿದ್ದಾಯಿತು. ಕೊನೆಯ ಸಾಲು ಚೌಕಟ್ಟಿನ ತಲೆಯ ಮೇಲೆಯೇ ಹಾಯ್ದುಹೋಯಿತು. ಚೌಕಟ್ಟಿಗೆ ಬಾಗಿಲೂ ಕೂತಿತು. ವಿಭಾಳ ಸ್ಟೇಟಸ್ಸಿಗೆ ಹಾರ್ಟುಗಳು ಸುರಿದವು.

ಬೇಸಿಗೆ ಬಂತು. ಇನ್ನೇನು ಛಾವಣಿ ಹಾಕಬೇಕು ಎಂದು ಮೂವರೂ ಹೋಗಿ ನೋಡಿದರೆ, ಬಾಗಿಲು ಬಿಗಿದುಕೊಂಡಿದೆ. ದಿಮ್ಮಿಗಳೆಲ್ಲ ಒಣಗಿ ಸಣ್ಣಗಾಗಿ ಗೋಡೆ ಕೆಳಗಿಳಿದಿದೆ. ಬಾಗಿಲ ಮೇಲಿನ ಸಾಲು ಮಾತ್ರ ಚೌಕಟ್ಟಿಗೆ ಸಿಕ್ಕಿಕೊಂಡು ಅಲ್ಲೇ ನಿಂತಿದೆ. ಅದಕ್ಕೂ ಕೆಳಗಿನ ದಿಮ್ಮಿಗೂ ನಡುವೆ ಬಿಟ್ಟ ಸಂದಿಯಲ್ಲಿ ವಿಭಾಳ ಅಂಗೈ ಸಲೀಸಾಗಿ ಆಚೆ ಹೋಯಿತು.

"ನಿಮ್ ಬಾಗ್ಲು ಗೋಡೆನ ತಲೆ ಮೇಲೆ ಹೊತ್ಕೊಂಡು ನಿಂತೈತೆ ಮೇಡಂ," ಎಂದರು ಅಕ್ತರ್. "ಅದನ್ನ ಕಿತ್ರೆ ಗೋಡೆ ಕೂರತ್ತೆ."

"ಅದನ್ನ ಕಿತ್ರೆ ನಮ್ಮಜ್ಜಿ ನನ್ನ ಕೀಳ್ತಾರೆ ಭಾಯ್."

"ಕೀಳಿ ಬೇಕಾದ್ರೆ," ಎಂದರು ಅಜ್ಜಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ. "ನಾನೇನು ಬೇಡ ಅನ್ನಲ್ಲ."

ಅಜ್ಜಿ ಹಾಗೆಂದರೆ ಈ ಜನ್ಮದಲ್ಲಿ ಒಳಗೆ ಬರುವುದಿಲ್ಲ ಎಂದು ಅರ್ಥ. ಅಜ್ಜಿ ಬರದ ರೂಮು ವಿಭಾಳಿಗೆ ಬೇಕಿರಲಿಲ್ಲ. ಅವಳು ಪೆಚ್ಚಾಗಿ ಚೌಕಟ್ಟಿಗೆ ಒರಗಿ ಕೂತಳು. ಚೌಕಟ್ಟಿನ ಕಂಬವೂ ಒಣಗಿ ಅದರ ಪಕ್ಕದಲ್ಲಿ ಸಣ್ಣ ಸಂದಿ ಕಂಡಿತು. ಕಂಬದ ಎತ್ತರ ಮಾತ್ರ ಚೂರೂ ಇಳಿದಿರಲಿಲ್ಲ.

"ಭಾಯ್, ವಾಸ್ಕಾಲೂ ಇದೇ ಹಸಿ ಮರ ಅಲ್ವಾ? ಅದ್ಯಾಕೆ ಇಳೀಲಿಲ್ಲ?"

"ಅದು ನಿಂತೈತಲ್ಲ. ಒಣಗಿದ್ರೆ ಮರ ಸಣ್ಣ ಆಗತ್ತೆ, ಗಿಡ್ಡ ಆಗಲ್ಲ."

ವಿಭಾ ಎದ್ದಳು. "ಹಾಗಾದ್ರೆ ಎಲ್ಲಾನೂ ನಿಲ್ಲಿಸ್ಬಿಡೋಣ."

"ಬೇಲಿ ಥರಾನಾ?"

"ಮರ ಬೆಳೆದಿದ್ದೂ ನಿಂತ್ಕೊಂಡೇ ಅಲ್ವಾ ಭಾಯ್?"

"ಈಗ ಹೊಳೀತು," ಎಂದರು ಅಜ್ಜಿ. "ಮಲಗಿಸಿದ್ದು ನೀನೇ ತಾಯಿ."

ಚೌಕಟ್ಟನ್ನು ಹಾಗೇ ಬಿಟ್ಟು ಗೋಡೆಯನ್ನು ಬಿಚ್ಚಿದರು. ಕಚ್ಚು ಕೊರೆದಿದ್ದ ತುದಿಗಳನ್ನು ಕೊಯ್ದು, ಕೆಳಗೊಂದು ಮೇಲೊಂದು ತೊಲೆ ಕೊಟ್ಟು, ದಿಮ್ಮಿಗಳನ್ನು ಪಕ್ಕಪಕ್ಕ ನಿಲ್ಲಿಸಿದರು. ಸಂದಿಗಳಿಗೆ ತೆಂಗಿನ ನಾರಿನ ಹಗ್ಗ ತುರುಕಿದರು. ಇನ್ನಷ್ಟು ಒಣಗಿ ಸಂದಿ ಬಿಟ್ಟರೆ ಇನ್ನಷ್ಟು ತುರುಕಿದರಾಯಿತು. ಮೇಲೆ ತಗಡು ಬಂತು. ದೂರದಿಂದ ನೋಡಿದರೆ ಆ ಹಳೇ ಮರಗಳ ಸಾಲೇ ಒತ್ತೊತ್ತಾಗಿ ನಿಂತಂತಿತ್ತು.

ಬಾಗಿಲು ಒಂದೇ ಬೆರಳಿಗೆ ತೆರೆಯಿತು. ಅಜ್ಜಿ ಬಲಗಾಲಿಟ್ಟು ಒಳಗೆ ಬಂದರು, ಗೋಡೆಯ ಮೇಲೆ ಒಮ್ಮೆ ಕೈಯಾಡಿಸಿದರು, ಕೊಯ್ದ ತುಂಡೊಂದರ ಮೇಲೆ ಕೂತು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದರು. ಲೋಟ ಇಡಲು ಜಾಗ ಹುಡುಕಿ, ಪಕ್ಕದ ಇನ್ನೊಂದು ತುಂಡಿನ ಕಚ್ಚಿನಲ್ಲಿಟ್ಟರು. ಅಳತೆ ಮಾಡಿ ಕೊರೆದಂತೆ ಕೂತಿತು.

"ಪರವಾಗಿಲ್ಲ ಕಣೆ," ಎಂದರು, "ಇದೊಂದನ್ನ ಸರಿಯಾಗಿ ಕೊರ್ಸಿದೀಯ."