ಗಂಟಿನೊಳಗಿನ ಕಪ್ಪು

ಹೊನ್ನಯ್ಯ ಒಮ್ಮೆ ಕೆಮ್ಮಿದರೆ ಕೂಟಗಲ್ಲಿನಿಂದ ಮಾಗಡಿಯವರೆಗಿನ ಕುರಿಗಳೆಲ್ಲ ಮೇವು ಬಿಟ್ಟು ತಲೆ ಎತ್ತುತ್ತಿದ್ದವು. ಕುರಿಯ ಕಿವಿ ಮುಟ್ಟಿದರೆ ಸಾಕು, ಅದರ ಅಜ್ಜಿಗೆ ಬಂದಿದ್ದ ಜ್ವರವನ್ನೂ ಹೇಳಿಬಿಡುತ್ತಿದ್ದ. ಇಂಥ ಮಹಾಶಯನಿಗೆ ತನ್ನದೇ ತೊಡೆಸಂದಿನ ಗಂಟು ಏನೆಂದು ತಿಳಿಯಲಿಲ್ಲ. "ಆಸ್ಪತ್ರೆ ಬ್ಯಾಡ ಕಣಣ್ಣ" ಎಂದು ತಮ್ಮ ಬೈರೇಶ ಅಂಗಲಾಚಿದರೂ ಕೇಳದೆ ರಾಮನಗರದ ಬಸ್ಸು ಹತ್ತಿದ. ಬೈರೇಶ ಹಿಂದೆಯೇ ಓಡಿ ಬಂದ.

ಡಾಕ್ಟರ್ ಸುಚಿತ್ರಾ ಗಂಟಿಗೆ ಸೂಜಿ ಚುಚ್ಚಿ ಎಳೆದರು. ಬಂದದ್ದು ಹತ್ತು ಅಮಾವಾಸ್ಯೆ ಅರೆದು ಹಿಂಡಿದಂಥ ಕಪ್ಪು ಹನಿ. ಗಾಜಿನ ಸ್ಲೈಡಿಗೆ ಬಳಿದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿ ಬಂದವರು ಹೋದ ವರ್ಷದ ಚೀಟಿ ಹುಡುಕಿ ತೆಗೆದರು.

"ಯಜಮಾನ್ರೇ, ಹೋದ ವರ್ಷ ನಿಮ್ಮ ಹಿಮ್ಮಡಿ ಹುಣ್ಣು ಕೆರೆದು ನೋಡಿದ್ನಲ್ಲ, ಅಲ್ಲಿದ್ದ ಜೀವಕೋಶಗಳೇ ಇಲ್ಲಿಗೂ ಬಂದಿವೆ. ಮೆಲನೋಮ, ಚರ್ಮದ ಕ್ಯಾನ್ಸರ್ರು. ಆಗ್ಲೇ ಆಪರೇಷನ್ ಅಂದಿದ್ದೆ. ಯಾಕೆ ಬರ್ಲಿಲ್ಲ?"

"ಯಾರ್ಗಂದ್ರಿ ಅವ್ವಾ?"

"ನಿಮ್ಮ ತಮ್ಮನಿಗೆ, ನಿಮ್ಮ ಹೆಂಡ್ತಿಗೆ. ನಾವೇ ಹೇಳ್ತೀವಿ ಅಂದ್ರು."

ಹೊನ್ನಯ್ಯ ತಿರುಗಿದ. "ಏನ್ಲಾ ಬೈರೇಶ, ಮುಳ್ಳು ಕೀವಾಗೈತೆ ಅಂದಲ್ಲೋ!"

"ಕಾಲು ಕುಯ್ತಾರೆ ಅಂದಿದ್ರೆ ನೀನ್ ಎದೆ ಒಡ್ಕಂಡೇ ಸತ್ತೋಯ್ತಿದ್ದೆ ಕಣಣ್ಣ. ದಾಸಮ್ಮ ಅತ್ಗೆನೂ ಹೇಳ್ಬ್ಯಾಡ ಅಂದ್ಲು. ಇರೋ ತನ್ಕ ಸುಖ್ವಾಗಿರ್ಲಿ ಅಂತ..."

ಸುಖವೇ! ವರ್ಷವಿಡೀ ದಾಸಮ್ಮ ಸುರಿದ ತುಪ್ಪದಲ್ಲಿ ಮುದ್ದೆ ಈಜಾಡುತ್ತಿತ್ತು. ಬೈರೇಶ ಎದುರು ಮಾತಾಡಿರಲಿಲ್ಲ. ಮಹಾರಾಜರಿಗೂ ಇಂಥ ಹೆಂಡತಿ, ಇಂಥ ತಮ್ಮ ಇಲ್ಲವೆಂದು ಹೊನ್ನಯ್ಯ ಹೋಬಳಿಗೆಲ್ಲ ಸಾರಿದ್ದ. ಈಗ ತನ್ನ ಮಂದೆ ನೆನಪಾಯಿತು. ಗುಣವಾಗದ ಕುರಿಯನ್ನು ಅವನೂ ಹೀಗೇ ಮಂದೆಯಿಂದ ಬೇರೆ ಕಟ್ಟುತ್ತಿದ್ದ. ಎಳೇ ಸೊಪ್ಪು ಹಾಕಿ, ಕತ್ತು ಸವರಿ, ಕಡಿಯಲು ಕೊಳ್ಳುವ ಪೀರ್ ಸಾಬ್ ಬರುವವರೆಗೂ ಮುದ್ದಿನ ಮಾತಾಡುತ್ತಿದ್ದ. ಅದರ ಮುಂದೆ ಕಾಯಿಲೆಯ ಹೆಸರೆತ್ತಬಾರದೆಂದು ತಮ್ಮನಿಗೆ ಕಲಿಸಿದವನೂ ಅವನೇ.

"ನಂಗೂ ಎಳೇ ಸೊಪ್ಪೇ ಹಾಕಿದ್ರಿ ಅನ್ನು."

ಬೈರೇಶನಿಗೆ ಅರ್ಥವಾಯಿತು. ತಲೆ ತಗ್ಗಿಸಿ ಅಣ್ಣನ ತೋಳು ಹಿಡಿದ. "ನಡಿಯಣ್ಣ, ಮನೇಲ್ ಮಾತಾಡವ."

"ಕೈ ಬುಡ್ಲಾ."

ಹೊನ್ನಯ್ಯ ಕುಂಟುತ್ತ ಹೋಗಿ ಡಾಕ್ಟರ ಎದುರಿನ ಕುರ್ಚಿ ಎಳೆದು ಕೂತ.

"ಅವ್ವಾ, ಅವ್ನನ್ನ ಆಚಿಗೆ ಕಳ್ಸಿ ಬಾಕ್ಲು ಹಾಕು. ಇದು ಇನ್ನೆಲ್ಲೆಲ್ಲಿ ಹೋಗೈತೆ, ಏನ್ ಮಾಡ್ಬೇಕು, ಎಲ್ಲಾನೂ ನಂಗೇ ಹೇಳು."

ಬಾಗಿಲು ಮುಚ್ಚಿತು. ಮಾಗಡಿಯ ಕುರಿಗಳ ತಲೆ ಎತ್ತಿಸುತ್ತಿದ್ದ ಆ ದನಿ ಈಗ ಬಾಗಿಲಾಚೆ ನಿಂತ ತಮ್ಮನಿಗೂ ಕೇಳಿಸಲಿಲ್ಲ.