ನೀಲಿ ಕೆನ್ನೆ

ಟೊಮೆಟೊ ತೋಟದಲ್ಲಿ ನಮಗೆ ಕೈ ತೊಳೆಯಲು ನೀರಿರಲಿಲ್ಲ.

ಗಿಡಗಳಿಗೆ ಇತ್ತು. ಪೈಪಿನಲ್ಲಿ ಗೊಬ್ಬರ ಬೆರೆತ ನೀರು ಬುಡಬುಡಕ್ಕೂ ತೊಟ್ಟಿಕ್ಕುತ್ತಿತ್ತು. ಒಳ್ಳೆಯ ನೀರಿನ ನಲ್ಲಿ ಇದ್ದದ್ದು ಯಜಮಾನನ ಅಂಗಳದಲ್ಲಿ. ಆ ಗೇಟನ್ನು ನಾವು ದಾಟುವಂತಿರಲಿಲ್ಲ. ಹುಳಕ್ಕೆ ಔಷಧಿ ಹೊಡೆದ ಕೈಯನ್ನು ಮಣ್ಣಿನಲ್ಲಿ ಉಜ್ಜಿ, ಬಟ್ಟೆಗೆ ಒರೆಸಿಕೊಂಡು ಊಟಕ್ಕೆ ಕೂರುತ್ತಿದ್ದೆವು.

ನಮ್ಮಲ್ಲೊಬ್ಬಳು ಬಾಯಿಬಡಕಿ. ಅವಳ ಮಗುವಿಗೆ ಬಿಟ್ಟೂ ಬಿಡದ ವಾಂತಿ, ಮೈತುಂಬ ಗುಳ್ಳೆ. ಆಸ್ಪತ್ರೆಯಲ್ಲಿ ಟಾನಿಕ್ ಕೊಟ್ಟು ಕಳಿಸುತ್ತಿದ್ದರು. ಮಗು ಉಳಿಯುತ್ತದೋ ಇಲ್ಲವೋ ಎಂದು ಅವಳ ಅತ್ತೆ ದಿನವೂ ಅಳುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಆಸ್ಪತ್ರೆಯ ಹಿರಿಯ ನರ್ಸಮ್ಮ ನರ್ಸಿಂಗ್ ತರಬೇತಿಯ ಹುಡುಗಿಯರನ್ನು ತೋಟಕ್ಕೆ ಕರೆತಂದರು.

"ಹೊಲದಲ್ಲಿ ದುಡಿಯೋರ ಕಾಯಿಲೆ ಕಲಿಯೋಕೆ ಬಂದಿದ್ದೀವಿ."

"ಕಲೀರಿ ಸಿಸ್ಟರ್," ಎಂದಳು ಬಾಯಿಬಡಕಿ. "ನಮ್ಮತ್ರ ಬೇಕಾದಷ್ಟಿದೆ. ಮೂಟೆ ಕಟ್ಕೊಂಡು ಹೋಗಿ."

ನರ್ಸಮ್ಮ ತಾವೇ ತಂದಿದ್ದ ಔಷಧಿ ಹೊಡೆಯುವ ಹೊಸ ಕ್ಯಾನುಗಳಿಗೆ, ಜೊತೆಗೇ ತಂದಿದ್ದ ನೀರು ತುಂಬಿ ನೀಲಿ ಬಣ್ಣ ಸುರಿದರು. "ಮಿಠಾಯಿಗೆ ಹಾಕೋ ಬಣ್ಣ, ಹೆದರಬೇಡಿ. ದಿನಾ ಹೇಗೆ ಹೊಡೀತೀರೋ ಹಾಗೇ ಹೊಡೀರಿ. ಹುಡುಗೀರೇ, ಬಣ್ಣ ಎಲ್ಲೆಲ್ಲಿ ಹತ್ತುತ್ತೆ ನೋಡ್ತಾ ಇರಿ."

ಉದ್ದನೆಯ ಹುಡುಗಿಯೊಬ್ಬಳು ತಾನೂ ಒಂದು ಕ್ಯಾನು ಬೆನ್ನಿಗೇರಿಸಿದಳು. ಗಾಳಿ ತಿರುಗಿತು.

"ಅಯ್ಯೋ, ನನ್ನ ಯೂನಿಫಾರ್ಮು!"

"ಗಾಳಿಗೆ ಎದೆ ಕೊಟ್ರೆ ಬಿಡುತ್ತಾ ತಾಯಿ?"

ಅಷ್ಟರಲ್ಲಿ ಬಾಯಿಬಡಕಿಯ ಕ್ಯಾನಿನ ಕೊಳವೆ ತುದಿಯ ನಾಜಲ್ ಕಟ್ಟಿಕೊಂಡಿತು. ನಾವೆಲ್ಲ ಮಾಡುವಂತೆ ಅವಳು ಅದನ್ನು ಬಿಚ್ಚಿ, ಬಾಯಿಗಿಟ್ಟು ಉಫ್ ಎಂದು ಊದಿದಳು. ತಿರುಗಿದರೆ ತುಟಿ, ಹಲ್ಲು, ನಾಲಿಗೆ ಎಲ್ಲ ನೀಲಿ. ಹೊಟ್ಟೆ ಹಿಡಿದುಕೊಂಡು ನಕ್ಕೆವು.

"ನಿನ್ನ ಗಂಡ ನೋಡಿದ್ರೆ ಓಡಿ ಹೋಗ್ತಾನೆ ಕಣೇ!"

"ಹೋದ್ರೆ ನನ್ನ ಪುಣ್ಯ!"

ಬದುವಿನ ಮೇಲೆ ಅತ್ತೆಯ ಮಡಿಲಲ್ಲಿದ್ದ ಮಗು ಅತ್ತಿತು. ಬಾಯಿಬಡಕಿ ಕೈಯನ್ನು ಮಣ್ಣಿಗೆ ಉಜ್ಜಿ, ಬಟ್ಟೆಗೆ ಒರೆಸಿ, ಮಗುವನ್ನೆತ್ತಿ ಹಾಲು ಕೊಟ್ಟಳು. ಎದೆಯಿಂದ ಬಿಡಿಸಿದಾಗ ಮಗುವಿನ ಕೆನ್ನೆಯ ಮೇಲೆ ನೀಲಿ ಬೆರಳುಗಳು ಮೂಡಿದ್ದವು. ಬಾಯಿಯ ಸುತ್ತಲೂ ನೀಲಿ.

ನಗು ನಿಂತಿತು.

"ಅಕ್ಕ, ದಿನಾ ಹೀಗೇನಾ?" ಉದ್ದನೆಯ ಹುಡುಗಿ ಕೇಳಿದಳು.

ಬಾಯಿಬಡಕಿ ಸೆರಗಿನಿಂದ ಮಗುವಿನ ಬಾಯಿ ಒರೆಸಿದಳು; ನೀಲಿ ಇನ್ನಷ್ಟು ಹರಡಿತು.

ಯಜಮಾನ ಬೈಕು ನಿಲ್ಲಿಸಿದ. "ಏನಿದು ನಾಟಕ? ಔಷಧಿ ಹೊಡೆಯೋರ್ಯಾರು?"

ಅವಳು ಮಗುವನ್ನು ಅವನ ಮುಂದೆ ಹಿಡಿದಳು. "ಯಜಮಾನ್ರೇ, ಇವತ್ತಿಂದು ಬರೀ ಬಣ್ಣ. ನಿನ್ನೆ ಹೊಡೆದಿದ್ದು ಬಣ್ಣ ಅಲ್ಲ. ನಮಗೆ ಇಲ್ಲೇ ನಲ್ಲಿ ಬೇಕು."

"ಇಷ್ಟು ವರ್ಷ ಬೇಡದ್ದು ಈಗ ಬೇಕಾಯ್ತಾ? ಇವ್ರು ನಿಮ್ಮ ತಲೆ ಕೆಡಿಸಿದ್ರಾ?"

"ಕೆಟ್ಟಿತ್ತು. ಈಗ ನೆಟ್ಟಗಾಯ್ತು."

ಮೊದಲು ಕೂತದ್ದು ಅತ್ತೆ. ಆಮೇಲೆ ನಾವೆಲ್ಲ ಕ್ಯಾನು ಇಳಿಸಿ ಬದುವಿನ ಮೇಲೆ ಸಾಲಾಗಿ ಕೂತೆವು.

"ಗಿಡಕ್ಕೆ ಹುಳ ಬೀಳುತ್ತೆ ಕಣ್ರೇ!" ಯಜಮಾನ ಕೂಗಿದ.

"ಬೀಳ್ಲಿ ಬಿಡಿ. ಅವಕ್ಕೂ ಮಕ್ಕಳು ಮರಿ ಇರುತ್ವೆ."

ಹುಡುಗಿಯರು ಕಿಸಕ್ಕನೆ ನಕ್ಕರು. ನರ್ಸಮ್ಮ ಗದರಿದರು: "ನಗೋದಲ್ಲ, ಕಲ್ತ್ಕೊಳ್ಳಿ. ಈ ಮಗುಗೆ ಮೊದಲ ಔಷಧಿ ನಲ್ಲಿ. ಟಾನಿಕ್ ಆಮೇಲೆ."

ಯಜಮಾನ ಬೈದ. ಬೇರೆ ಆಳು ತರುತ್ತೇನೆಂದ. ಹೋಗಿ ಕೇಳಿಯೂ ಬಂದ. ನೀಲಿ ಕೆನ್ನೆಯ ಸುದ್ದಿ ಆಗಲೇ ಊರು ಮುಟ್ಟಿತ್ತು; ಯಾರೂ ಬರಲಿಲ್ಲ. ಸಂಜೆಯ ಹೊತ್ತಿಗೆ ಗೇಟಿನಡಿಯಿಂದ ಪೈಪು ಬಂತು, ಅದರ ತುದಿಗೆ ನಲ್ಲಿ ಬಂತು. ಬಾಯಿಬಡಕಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು, ಆಮೇಲೆ ಮಗುವನ್ನು ಮುಟ್ಟಿದಳು.

ಅವತ್ತು ಹೋದದ್ದು ಇಷ್ಟು: ಒಂದು ಬಿಳಿ ಯೂನಿಫಾರ್ಮು, ಹುಳಕ್ಕೆ ಬಿಟ್ಟ ನಾಲ್ಕು ಸಾಲು ಗಿಡ, ನಮ್ಮೆಲ್ಲರ ಒಂದು ದಿನದ ಕೂಲಿ.